ಸರಮೆಯ ಮರಿಗೆ ಶಿಕ್ಷಣ

ಮಹಾಭಾರತದ ಆದಿಪರ್ವದಲ್ಲಿ ಕುರುಪಾಂಡವರ ಕಥೆ ಇನ್ನೂ ತೆರೆದುಕೊಳ್ಳುವ ಮೊದಲೇ ನಾಯಿಮರಿಯೊಂದರ ಅಳು ಕೇಳಿಬರುತ್ತದೆ. ಪರೀಕ್ಷಿದ್ರಾಜನ ಮಗನಾದ ಜನಮೇಜಯನು ತನ್ನ ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ದೀರ್ಘಸತ್ರವೊಂದನ್ನು ನಡೆಸುತ್ತಿರುವಾಗ ದೇವಲೋಕದ ನಾಯಿಯಾದ ಸರಮೆಯ ಮರಿ ಆ ಯಜ್ಞಭೂಮಿಗೆ ಬರುತ್ತದೆ. ಶ್ರುತಸೇನ, ಉಗ್ರಸೇನ, ಭೀಮಸೇನರೆಂಬ ಮೂವರು ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಅಳುತ್ತ ಬಂದ ಮರಿಯನ್ನು ತಾಯಿ ವಿಚಾರಿಸುತ್ತಾಳೆ. ತಾನು ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ, ಆದರೂ ಏಟು ಬಿತ್ತು ಎಂದು ಮರಿ ಹೇಳಿಕೊಳ್ಳುತ್ತದೆ. ಸರಮೆ ನೇರವಾಗಿ ಯಜ್ಞಶಾಲೆಗೆ ಹೋಗಿ, ತಪ್ಪು ಮಾಡದ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ರಾಜಪುತ್ರರಲ್ಲಿ ಉತ್ತರವಿರುವುದಿಲ್ಲ. ಆಗ ಅವಳು ಶಪಿಸುತ್ತಾಳೆ: ಕಾಣದ ಕಡೆಯಿಂದ ನಿಮಗೆ ಭಯ ಬರಲಿ.

ಈ ಪ್ರಸಂಗವನ್ನು ಪುರಾಣಶ್ರವಣದಲ್ಲಿ ಕೇಳಿದವರು ಮುಂದಿನ ಸರ್ಪಯಾಗದ ಆರ್ಭಟದಲ್ಲಿ ಇದನ್ನು ಮರೆತುಬಿಡುವುದುಂಟು. ಆದರೆ ಸರಮೆ ಕೇಳಿದ ಪ್ರಶ್ನೆ ಮಾತ್ರ ಹಳೆಯದಾಗಿಲ್ಲ. ಇಂದು ಪಟ್ಟಣದಲ್ಲಾಗಲಿ ಹಳ್ಳಿಯಲ್ಲಾಗಲಿ ನಾಯಿಮರಿಯನ್ನು ಮನೆಯೊಳಗೆ ತಂದು ಸಾಕುವವರ ಸಂಖ್ಯೆ ಬೆಳೆದಿದೆ. ಹಾಗೆ ತಂದ ಮನೆಗಳಲ್ಲಿ ದಿನಕ್ಕೆ ಹತ್ತು ಬಾರಿ ಈ ಪ್ರಶ್ನೆ ಏಳುತ್ತದೆ. ಮರಿ ನಡುಮನೆಯಲ್ಲಿ ಮೂತ್ರ ಮಾಡಿತೆಂದು ಏಟು, ಚಪ್ಪಲಿ ಕಚ್ಚಿತೆಂದು ಏಟು, ಬಂದವರ ಮೇಲೆ ಹಾರಿತೆಂದು ಒದೆತ. ತಾನು ಮಾಡಿದ್ದು ತಪ್ಪೆಂದು ಅದಕ್ಕೆ ತಿಳಿಸಿದವರು ಯಾರು, ಯಾವಾಗ, ಯಾವ ಭಾಷೆಯಲ್ಲಿ ಎಂದು ಕೇಳಿದರೆ ಅಲ್ಲಿಯೂ ಉತ್ತರವಿರುವುದಿಲ್ಲ.

ಇಲ್ಲಿ ಒಂದು ಶಬ್ದದ ಕಡೆಗೆ ವಾಚಕರ ಗಮನವನ್ನು ಸೆಳೆಯುವುದು ಉಚಿತ. ‘ಶಿಕ್ಷ್’ ಎಂಬ ಧಾತುವಿಗೆ ವಿದ್ಯೆಯನ್ನು ಪಡೆಯುವುದು ಎಂಬುದೇ ಅರ್ಥ. ಆರು ವೇದಾಂಗಗಳಲ್ಲಿ ಒಂದಾದ ‘ಶಿಕ್ಷಾ’ ಎಂಬುದು ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರ. ತೈತ್ತಿರೀಯೋಪನಿಷತ್ತಿನ ಮೊದಲ ಭಾಗಕ್ಕೆ ಶಿಕ್ಷಾವಲ್ಲಿ ಎಂಬ ಹೆಸರೂ ಅದೇ ಅರ್ಥದಿಂದ ಬಂದದ್ದು. ಕನ್ನಡದ ಬಳಕೆಯಲ್ಲಿ ಮಾತ್ರ ‘ಶಿಕ್ಷೆ’ ಎಂದೊಡನೆ ಬೆತ್ತ, ದಂಡ, ಸೆರೆಮನೆಗಳು ಕಣ್ಣಮುಂದೆ ಬರುತ್ತವೆ. ಕಲಿಸುವುದಕ್ಕೆ ‘ಶಿಕ್ಷಣ’ವೆಂಬ ಬೇರೆ ಮಾತನ್ನು ಇಟ್ಟುಕೊಳ್ಳಬೇಕಾಗಿದೆ. ಒಂದೇ ಬೇರಿನಿಂದ ಹೊರಟ ಈ ಎರಡು ಕವಲುಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದೇ ನಾಯಿಮರಿಯನ್ನು ಸಾಕುವ ಮನೆಯ ಮುಂದಿರುವ ಸಮಸ್ಯೆ.

ನಾಯಿಯನ್ನು ಮನೆಯೊಳಗೆ ಸೇರಿಸಿಕೊಳ್ಳುವುದು ಪರದೇಶದ ಶೋಕಿಯೆಂದು ಮೂಗು ಮುರಿಯುವ ಹಿರಿಯರು ಇದ್ದಾರೆ. ಅವರ ಸಮಾಧಾನಕ್ಕಾಗಿ ಎರಡು ಸಂಗತಿಗಳನ್ನು ನೆನೆಯಬಹುದು. ಅಮರಕೋಶದಲ್ಲಿ ನಾಯಿಗೆ ಹೇಳಿರುವ ಹೆಸರುಗಳಲ್ಲಿ ‘ಸಾರಮೇಯ’ದೊಡನೆ ‘ಕೌಲೇಯಕ’ ಎಂಬುದೂ ಸೇರಿದೆ. ವೈಯಾಕರಣರು ಈ ಮಾತನ್ನು ‘ಕುಲ’ ಶಬ್ದದಿಂದ ಸಾಧಿಸುತ್ತಾರೆ. ಮನೆತನಕ್ಕೆ ಸೇರಿದುದು ಎಂಬುದು ಅದರ ತಿರುಳು. ಎರಡನೆಯದು ಕನ್ನಡನಾಡಿನ ಕಲ್ಲಿನ ಸಾಕ್ಷಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949–50ರ ಶಾಸನವು ‘ಕಾಳಿ’ ಎಂಬ ಬೇಟೆನಾಯಿಯ ಕಥೆಯನ್ನು ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಆ ನಾಯಿಯನ್ನೇ ಬೇಡಿ ಪಡೆದನು. ಅದು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗಾಗಿ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿಯ ದತ್ತಿಯೂ ನಡೆಯಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯನ್ನು ಹೆಸರಿಟ್ಟು ಕರೆದು, ಅದರ ಸಾವಿಗೆ ಕಣ್ಣೀರಿಟ್ಟ ನಾಡು ಇದು. ನಾಯಿಯ ಮೇಲಣ ಪ್ರೀತಿ ಇಲ್ಲಿ ಆಮದಾದ ಸರಕಲ್ಲ. ಪ್ರೀತಿಯ ಜೊತೆಗೆ ಇರಬೇಕಾದ ತಿಳಿವಳಿಕೆಯ ಕೊರತೆ ಮಾತ್ರ ಇದೆ.

ವಾಚಕರು ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಲಿ. ತಂದೆ, ತಾಯಿ, ಅಜ್ಜಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮಕ್ಕಳ ಹಟಕ್ಕೆ ಮಣಿದು ತಂದೆ ಒಂದು ಸಂಜೆ ಕೈಚೀಲದಲ್ಲಿ ಕಪ್ಪುಬಣ್ಣದ ಮರಿಯೊಂದನ್ನು ತರುತ್ತಾನೆ. ಅದಕ್ಕೆ ಕರಿಯ ಎಂದು ಹೆಸರಾಗುತ್ತದೆ. ಮೊದಲ ಮೂರು ದಿನ ಕರಿಯ ಮಾಡಿದ್ದೆಲ್ಲ ಚೆನ್ನ. ಅದು ಬಾಲವನ್ನು ಬೆನ್ನಟ್ಟಿ ಗಿರಗಿರನೆ ತಿರುಗಿದರೆ ನಗು, ಸೆರಗನ್ನು ಹಿಡಿದು ಜಗ್ಗಿದರೆ ನಗು. ನಾಲ್ಕನೆಯ ದಿನ ಹೊಸ ಚಪ್ಪಲಿ ಚೂರಾಗುತ್ತದೆ; ಐದನೆಯ ದಿನ ಮಗಳ ಗಣಿತದ ಪುಸ್ತಕ. ಹದಿನೈದು ದಿನ ಕಳೆಯುವಷ್ಟರಲ್ಲಿ ಮರಿಯನ್ನು ಹಿತ್ತಲಿನ ಕಂಬಕ್ಕೆ ಕಟ್ಟಲಾಗುತ್ತದೆ. ಕರಿಯ ಬದಲಾಗಲಿಲ್ಲ, ಮೊದಲ ದಿನ ಇದ್ದಂತೆಯೇ ಇದೆ. ಬದಲಾದುದು ಮನೆಯವರ ತಾಳ್ಮೆ.

ಈ ತಾಳ್ಮೆಗೆ ಆಧಾರವಾಗಬೇಕಾದುದು ಮರಿಯ ಸ್ವಭಾವದ ಅರಿವು. ನಾಯಿಮರಿ ಹುಟ್ಟುವಾಗ ಕಣ್ಣು ಕಿವಿಗಳು ಮುಚ್ಚಿರುತ್ತವೆ. ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯುತ್ತದೆ, ಮೂರನೆಯ ವಾರದ ಹೊತ್ತಿಗೆ ಕಿವಿ ಕೇಳಿಸತೊಡಗುತ್ತದೆ. ಅಲ್ಲಿಂದ ಸುಮಾರು ಹನ್ನೆರಡು ಹದಿನಾಲ್ಕು ವಾರಗಳವರೆಗಿನ ಅವಧಿ ಅದರ ಬಾಳಿಗೆ ತಳಹದಿ. ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಅನೇಕ ವರ್ಷ ನಾಯಿಮರಿಗಳನ್ನು ಸಾಕಿ ಪರಿಶೀಲಿಸಿದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಶದಪಡಿಸಿದ್ದಾರೆ. ಆ ವಾರಗಳಲ್ಲಿ ಮನುಷ್ಯರ ಸಹವಾಸವಿಲ್ಲದೆ ಬೆಳೆದ ಮರಿ ಮುಂದೆ ಮನುಷ್ಯರನ್ನು ಕಂಡರೆ ಬೆದರುತ್ತದೆ. ಆಗ ಕಂಡು ಕೇಳಿ ಒಗ್ಗಿದ್ದು ಮುಂದೆ ಸಹಜವಾಗುತ್ತದೆ. ಆಗ ಕಾಣದಿದ್ದುದು ಮುಂದೆ ಭಯದ ಕಾರಣವಾಗುತ್ತದೆ. ಕುಕ್ಕರಿನ ಸೀಟಿ, ದೇವರಮನೆಯ ಗಂಟೆ, ಕೊಡೆ ಹಿಡಿದ ಮುದುಕ, ಕೇಕೆ ಹಾಕುವ ಮಗು, ಬೀದಿಯ ಆಟೋರಿಕ್ಷಾ ಮುಂತಾದುವನ್ನೆಲ್ಲ ಮರಿ ಆ ವಯಸ್ಸಿನಲ್ಲಿ ನೆಮ್ಮದಿಯಿಂದ ಕಂಡು ಕೇಳಿರಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಇದರಿಂದ ಎರಡು ಎಚ್ಚರಿಕೆಗಳು ಹುಟ್ಟುತ್ತವೆ. ಮೊದಲನೆಯದು, ಮರಿಯನ್ನು ತಾಯಿಯಿಂದ ಬೇಗನೆ ಅಗಲಿಸಬಾರದು. ಒಂದು ತಿಂಗಳು ತುಂಬುತ್ತಲೇ ಮರಿಯನ್ನು ಮಾರುವವರೂ ಕೊಳ್ಳುವವರೂ ಇದ್ದಾರೆ. ಕಚ್ಚುವಾಗ ಎಷ್ಟು ಬಿಗಿ ಸಲ್ಲುತ್ತದೆ ಎಂಬ ಪಾಠವನ್ನು ಮರಿ ಕಲಿಯುವುದು ತಾಯಿಯ ಬಳಿಯಲ್ಲಿ, ಒಡಹುಟ್ಟಿದ ಮರಿಗಳ ಕಾಳಗದಲ್ಲಿ. ಎಂಟು ವಾರ ತುಂಬುವವರೆಗೆ ಆ ಶಾಲೆಯನ್ನು ಬಿಡಿಸುವುದು ತರವಲ್ಲ. ಎರಡನೆಯದು, ಲಸಿಕೆಗಳು ಪೂರ್ತಿಯಾಗುವವರೆಗೆ ಮರಿಯನ್ನು ಬೀದಿನಾಯಿಗಳು ಓಡಾಡುವ ನೆಲಕ್ಕೆ ಬಿಡಬಾರದು. ಹಾಗೆಂದು ಅದನ್ನು ಕೋಣೆಯಲ್ಲಿ ಕೂಡಿಹಾಕಿದರೆ ಆ ಅಮೂಲ್ಯವಾದ ವಾರಗಳು ವ್ಯರ್ಥವಾಗುತ್ತವೆ. ತೋಳಿನಲ್ಲಿ ಎತ್ತಿಕೊಂಡು ಪೇಟೆಯನ್ನು ತೋರಿಸಬಹುದು. ನೆಂಟರಿಷ್ಟರನ್ನು ಮನೆಗೆ ಕರೆದು ಅವರ ಕೈಯಿಂದಲೇ ಒಂದು ತುಣುಕು ತಿನಿಸು ಕೊಡಿಸಬಹುದು.

ಮೊದಲ ರಾತ್ರಿ ಮರಿ ಅಳುತ್ತದೆ. ಹಟಮಾರಿಯಾಗುತ್ತದೆಂದು ಹೆದರಿ ಅದನ್ನು ಕತ್ತಲೆಯ ಸ್ನಾನದ ಮನೆಗೆ ನೂಕುವವರುಂಟು. ಅಲ್ಲಿಯವರೆಗೆ ತಾಯಿಯ ಬಿಸಿಯಲ್ಲಿ, ಒಡಹುಟ್ಟುಗಳ ಮೈಗೆ ಮೈ ತಾಗಿಸಿ ಮಲಗಿದ್ದ ಜೀವ ಅದು. ಮನೆಯವರು ಮಲಗುವ ಕೋಣೆಯ ಮೂಲೆಯಲ್ಲಿಯೇ ಒಂದು ಪೆಟ್ಟಿಗೆಗೆ ಹಳೆಯ ಕಂಬಳಿ ಹಾಸಿ ಇಟ್ಟರೆ, ಉಸಿರಾಟದ ಸದ್ದು ಕೇಳಿ ಮರಿ ನೆಮ್ಮದಿಯಾಗುತ್ತದೆ. ಎಳೆಯ ಮರಿ ದಿನದಲ್ಲಿ ಹದಿನೆಂಟು ಗಂಟೆಗೂ ಮಿಕ್ಕಿ ನಿದ್ರಿಸಬಲ್ಲದು. ಮಲಗಿದ ಮರಿಯನ್ನು ಎತ್ತಿ ಎತ್ತಿ ಆಡಿಸಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸಬೇಕು. ನಿದ್ರೆಗೆಟ್ಟ ಕೂಸಿನಂತೆ ನಿದ್ರೆಗೆಟ್ಟ ಮರಿಯೂ ರಚ್ಚೆ ಹಿಡಿಯುತ್ತದೆ, ಕಂಡದ್ದನ್ನೆಲ್ಲ ಕಚ್ಚುತ್ತದೆ. ಮನೆಯವರು ಅದನ್ನು ಪುಂಡಾಟವೆಂದು ತಿಳಿಯುತ್ತಾರೆ.

ಮಲಮೂತ್ರದ ಶಿಸ್ತು ಎಲ್ಲ ಮನೆಗಳಿಗೂ ಮೊದಲ ಪರೀಕ್ಷೆ. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ತಡೆದುಕೊಳ್ಳಲಾರದು. ಇದು ಅದರ ದೇಹದ ಮಿತಿ, ಗುಣದ ದೋಷವಲ್ಲ. ನಿದ್ರೆಯಿಂದ ಎದ್ದ ಕೂಡಲೆ, ಉಂಡ ಸ್ವಲ್ಪ ಹೊತ್ತಿಗೆ, ಆಟ ಮುಗಿದ ಮೇಲೆ, ರಾತ್ರಿ ಮಲಗುವ ಮುನ್ನ, ಹೀಗೆ ಗೊತ್ತಾದ ವೇಳೆಗಳಲ್ಲಿ ಅದನ್ನು ಹಿತ್ತಲಿನ ಒಂದೇ ಗೊತ್ತಾದ ಜಾಗಕ್ಕೆ ಕರೆದೊಯ್ಯಬೇಕು. ಅಲ್ಲಿ ಕೆಲಸ ಮುಗಿಸಿದ ಕ್ಷಣದಲ್ಲಿಯೇ ಭೇಷ್ ಎಂದು ಮೈದಡವಿ, ಒಂದು ತುಣುಕು ತಿನಿಸು ಕೊಡಬೇಕು. ಮನೆಯೊಳಗೆ ತಪ್ಪಿ ಆಗಿಹೋದರೆ ಸದ್ದಿಲ್ಲದೆ ತೊಳೆದು, ವಾಸನೆ ಉಳಿಯದಂತೆ ಒರೆಸಬೇಕು. ವಾಸನೆ ಉಳಿದರೆ ಮರಿ ಅದೇ ಜಾಗವನ್ನು ಮತ್ತೆ ಹುಡುಕಿಕೊಂಡು ಹೋಗುತ್ತದೆ. ಸಂಜೆ ಕಚೇರಿಯಿಂದ ಬಂದವನು ಮಧ್ಯಾಹ್ನದ ಮೂತ್ರದ ಕಲೆಗೆ ಮರಿಯ ಮೂತಿಯನ್ನು ಒರೆಸಿ ಹೊಡೆದರೆ, ಮರಿ ಕಲಿಯುವ ಪಾಠ ಒಂದೇ: ಯಜಮಾನ ಮನೆಗೆ ಬಂದರೆ ಏಟು ಬೀಳುತ್ತದೆ. ಮರುದಿನ ಅವನ ಹೆಜ್ಜೆಯ ಸದ್ದಿಗೆ ಅದು ಮಂಚದ ಕೆಳಗೆ ಅಡಗುತ್ತದೆ. ತಪ್ಪಿನ ಅರಿವಿನಿಂದ ಅಡಗಿದೆ ಎಂದು ಮನೆಯವರು ಹೇಳಿಕೊಳ್ಳುತ್ತಾರೆ. ಅದು ಅಡಗಿರುವುದು ಭಯದಿಂದ. ಕ್ರಿಯೆಗೂ ಫಲಕ್ಕೂ ನಡುವೆ ಕೆಲವೇ ಕ್ಷಣಗಳ ಅಂತರವಿದ್ದರೆ ಮಾತ್ರ ಮರಿಯ ಬುದ್ಧಿ ಅವೆರಡನ್ನೂ ಜೋಡಿಸಬಲ್ಲದು.

ಎರಡನೆಯ ಪರೀಕ್ಷೆ ಹಲ್ಲಿನದು. ಮರಿಗೆ ಇಪ್ಪತ್ತೆಂಟು ಹಾಲುಹಲ್ಲುಗಳು. ಬೆಳೆದ ನಾಯಿಗೆ ನಲವತ್ತೆರಡು. ನಾಲ್ಕನೆಯ ತಿಂಗಳಿನಿಂದ ಏಳನೆಯ ತಿಂಗಳ ತನಕ ಹಳೆಯವು ಬಿದ್ದು ಹೊಸವು ಮೂಡುತ್ತವೆ. ಒಸಡಿನ ನವೆಗೆ ಏನನ್ನಾದರೂ ಅಗಿಯುವುದು ಅದಕ್ಕೆ ಅನಿವಾರ್ಯ. ಅಗಿಯಬೇಡ ಎಂಬ ಆಜ್ಞೆಗೆ ಅರ್ಥವಿಲ್ಲ. ಇದನ್ನು ಅಗಿ ಎಂಬ ಮಾರ್ಗದರ್ಶನಕ್ಕೆ ಅರ್ಥವಿದೆ. ಗಂಟು ಹಾಕಿದ ಗಟ್ಟಿ ಹಗ್ಗ, ಮರಿಗಳಿಗೆಂದೇ ಮಾಡಿದ ರಬ್ಬರಿನ ಆಟಿಕೆ, ತಣ್ಣಗಿನ ಗಜ್ಜರಿ ಅದಕ್ಕೆ ಸಾಲುತ್ತವೆ. ಚಪ್ಪಲಿಗಳನ್ನು ಎತ್ತಿಡುವುದು ಮನೆಯವರ ಕರ್ತವ್ಯ. ಹರಿದ ಚಪ್ಪಲಿಯನ್ನು ಆಟಕ್ಕೆ ಕೊಟ್ಟು, ಹೊಸ ಚಪ್ಪಲಿಯನ್ನು ಮುಟ್ಟಬಾರದೆಂದು ಬಯಸುವುದು ಅನ್ಯಾಯ. ಹೊಸದು ಹಳೆಯದೆಂಬ ಭೇದ ಅದಕ್ಕೆ ತಿಳಿಯದು. ಆಟದಲ್ಲಿ ಕೈಗೆ ಹಲ್ಲು ಊರಿದಾಗ ಅರಚಾಡದೆ, ಕೈಯನ್ನು ಜಗ್ಗಾಡದೆ, ಆಟವನ್ನು ನಿಲ್ಲಿಸಿ ಎದ್ದು ಹೋಗಬೇಕು. ಹಲ್ಲು ತಾಗಿದರೆ ಆಟ ಮುಗಿಯುತ್ತದೆ ಎಂಬುದನ್ನು ಚುರುಕಾದ ಮರಿ ಬಹುಬೇಗ ಗ್ರಹಿಸುತ್ತದೆ. ಚುರುಕುತನ ದೋಷವೆಂದು ಕಾಣುವವರು ಇದನ್ನು ಗಮನಿಸಬೇಕು: ಅದೇ ಚುರುಕುತನ ಕಲಿಕೆಯ ಬಂಡವಾಳವೂ ಆಗಿದೆ.

ಇನ್ನು ಕರಿಯನ ಮನೆಗೆ ಹಿಂದಿರುಗಬಹುದು. ಕರಿಯ ಮುಂಗಾಲೆತ್ತಿ ಮೈಮೇಲೆ ಹಾರುತ್ತದೆ. ಮಗ ಅದರ ಮುಂಗಾಲು ಹಿಡಿದು ಕುಣಿಸುತ್ತಾನೆ. ಮಡಿ ಸೀರೆ ಉಟ್ಟ ಅಜ್ಜಿ ಛೀ ಎಂದು ಕೋಲೆತ್ತುತ್ತಾಳೆ. ಇಸ್ತ್ರಿ ಮಾಡಿದ ಬಟ್ಟೆಯಲ್ಲಿರುವ ತಂದೆ ಮೊಣಕಾಲಿನಿಂದ ನೂಕುತ್ತಾನೆ. ಭಾನುವಾರ ಹಳೆಯ ಪಂಚೆಯಲ್ಲಿರುವಾಗ ಅವನೇ ಮುದ್ದಿಸುತ್ತಾನೆ. ತಾಯಿ ಊಟದ ವೇಳೆಯಲ್ಲಿ ಹತ್ತಿರ ಬರಬೇಡವೆಂದು ಗದರುತ್ತಾಳೆ. ಕೋಲೆತ್ತಿದ ಅಜ್ಜಿಯೇ ತನ್ನ ತಟ್ಟೆಯಿಂದ ರೊಟ್ಟಿಯ ಚೂರನ್ನು ಗುಟ್ಟಾಗಿ ಎಸೆಯುತ್ತಾಳೆ. ಕೂಡಿಸಬೇಕಾದರೆ ಒಬ್ಬರು ‘ಕೂತ್ಕೋ’ ಎನ್ನುತ್ತಾರೆ, ಒಬ್ಬರು ‘ಕೆಳಗೆ’ ಎನ್ನುತ್ತಾರೆ, ಶಾಲೆಯ ಹುಡುಗಿ ‘ಸಿಟ್’ ಎನ್ನುತ್ತಾಳೆ. ಒಂದೇ ಸೂತ್ರಕ್ಕೆ ನಾಲ್ವರು ವ್ಯಾಖ್ಯಾನಕಾರರು ನಾಲ್ಕು ಅರ್ಥ ಹೇಳಿದರೆ ಶಿಷ್ಯನ ಗತಿ ಏನಾದೀತು? ಕರಿಯನಿಗೆ ತಿಳಿಯುವುದು ಇಷ್ಟೇ: ಈ ಮನೆಯಲ್ಲಿ ಯಾವುದಕ್ಕೂ ನಿಯಮವಿಲ್ಲ, ಎಲ್ಲವನ್ನೂ ಪ್ರಯತ್ನಿಸಿ ನೋಡಬೇಕು.

ಆದುದರಿಂದ ಮರಿಯನ್ನು ತರುವ ಮೊದಲೇ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೆಲವು ಮಾತುಗಳನ್ನು ಗೊತ್ತುಮಾಡಿಕೊಳ್ಳಬೇಕು. ಅದು ಎಲ್ಲಿ ಮಲಗಬೇಕು, ಅಡಿಗೆಯ ಮನೆಗೆ ಬರಬಹುದೋ ಬಾರದೋ, ತಟ್ಟೆಯಿಂದ ಕೊಡಬಹುದೋ ಬಾರದೋ, ಕರೆಯಲು ಯಾವ ಶಬ್ದ, ಕೂಡಿಸಲು ಯಾವ ಶಬ್ದ, ಇವೆಲ್ಲ ಗೊತ್ತಾಗಿರಬೇಕು. ಕನ್ನಡದ ‘ಬಾ’, ‘ಕೂರು’, ‘ನಿಲ್ಲು’, ‘ಬಿಡು’ ಎಂಬ ನಾಲ್ಕು ಚಿಕ್ಕ ಮಾತುಗಳು ಒಂದು ನಾಯಿಯ ಸಂಸಾರಕ್ಕೆ ಬಹುಮಟ್ಟಿಗೆ ಸಾಕು. ಅಂಗ್ಲ ಭಾಷೆಯಲ್ಲಿಯೇ ಹೇಳಬೇಕೆಂಬ ಕಟ್ಟುಪಾಡು ಯಾವ ನಾಯಿಯೂ ಮಾಡಿಲ್ಲ. ಯಾವ ಭಾಷೆಯಾದರೂ ಆಗಲಿ, ಮನೆಯವರೆಲ್ಲರ ಬಾಯಲ್ಲಿ ಅದೊಂದೇ ಮಾತು ಇರಬೇಕು.

ಕಲಿಸುವ ಕ್ರಮ ಸರಳವಾದುದು. ತಿನಿಸಿನ ತುಣುಕನ್ನು ಮರಿಯ ಮೂಗಿನ ಮುಂದೆ ಹಿಡಿದು ಮೆಲ್ಲನೆ ತಲೆಯ ಮೇಲಕ್ಕೆ ಸರಿಸಿದರೆ, ಮೂಗು ಮೇಲೇಳುತ್ತ ಹಿಂಭಾಗ ತಾನಾಗಿಯೇ ನೆಲಕ್ಕೆ ತಾಗುತ್ತದೆ. ತಾಗಿದ ಕ್ಷಣದಲ್ಲಿ ಮೆಚ್ಚುಗೆಯ ಮಾತು, ತಿನಿಸು. ನಾಲ್ಕಾರು ಬಾರಿ ಹೀಗಾದ ಮೇಲೆ ‘ಕೂರು’ ಎಂಬ ಶಬ್ದವನ್ನು ಜೋಡಿಸಬೇಕು. ಒಮ್ಮೆಗೆ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ. ಅದಕ್ಕಿಂತ ಹೆಚ್ಚು ಎಳೆದರೆ ಮರಿಗೆ ಬೇಸರ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಬೆಕ್ಕು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಕಂಡುಕೊಂಡದ್ದೂ ಇದೇ: ಸಂತೋಷದ ಫಲ ಕೊಟ್ಟ ನಡತೆ ಮರುಕಳಿಸುತ್ತದೆ. ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ‘ಬಾ’ ಎಂದು ಕರೆದು ಹತ್ತಿರ ಬಂದ ಮರಿಯನ್ನು ಎಂದಿಗೂ ಹೊಡೆಯಬಾರದು, ಗದರಬಾರದು. ಕರೆದಾಗ ಬಂದುದಕ್ಕೆ ಏಟು ತಿಂದ ನಾಯಿ, ನಾಳೆ ಲಾರಿಯ ಮುಂದೆ ಓಡುತ್ತಿರುವಾಗ ಕರೆದರೂ ತಿರುಗಿ ನೋಡುವುದಿಲ್ಲ. ಆ ಒಂದು ಮಾತಿನ ಮೇಲಣ ನಂಬಿಕೆ ಅದರ ಪ್ರಾಣವನ್ನು ಉಳಿಸಬಲ್ಲದು.

ದಂಡಕ್ಕೆ ಹತ್ತು ಗುಣಗಳಿವೆಯೆಂದು ಲೋಕದಲ್ಲಿ ಒಂದು ಮಾತಿದೆ. ಬೆತ್ತವಿಲ್ಲದೆ ಮರಿ ಹದಕ್ಕೆ ಬರುವುದಿಲ್ಲವೆಂದು ಅದನ್ನು ಆಧಾರವಾಗಿ ಹಿಡಿಯುವವರೂ ಇದ್ದಾರೆ. ಹೊಡೆದ ಕೂಡಲೆ ಮರಿ ಸುಮ್ಮನಾಗುವುದು ನಿಜ. ಆದರೆ ಸುಮ್ಮನಾದುದು ಕಲಿತದ್ದರಿಂದಲೋ ನಡುಗಿದ್ದರಿಂದಲೋ ಎಂಬುದನ್ನು ಪರಿಶೀಲಿಸಬೇಕು. ನಾಯಿಯ ಗುರುಗುಟ್ಟುವಿಕೆ ಒಂದು ಮಾತು. ನನಗೆ ಹೆದರಿಕೆಯಾಗಿದೆ, ದೂರವಿರು ಎಂಬುದು ಅದರ ಅರ್ಥ. ಗುರುಗುಟ್ಟಿದಾಗಲೆಲ್ಲ ಹೊಡೆದರೆ ಭಯ ಉಳಿದು ಮಾತು ಮಾತ್ರ ಅಳಿಯುತ್ತದೆ. ಅಂಥ ನಾಯಿ ಒಂದು ದಿನ ಮುನ್ಸೂಚನೆಯಿಲ್ಲದೆ ಕಚ್ಚುತ್ತದೆ. ಹಲವು ವೇಳೆ ಅದು ಕಚ್ಚುವುದು ಹೊಡೆದ ದೊಡ್ಡವನನ್ನಲ್ಲ, ತಿಳಿಯದೆ ಮೈಮೇಲೆ ಬಿದ್ದ ಮನೆಯ ಕೂಸನ್ನು. ಕಾಣದ ಕಡೆಯಿಂದ ಭಯ ಬರಲಿ ಎಂದ ಸರಮೆಯ ಶಾಪಕ್ಕೆ ಇದಕ್ಕಿಂತ ಸ್ಪಷ್ಟವಾದ ಭಾಷ್ಯ ಬೇಕೆ?

ಹೊಡೆಯುವುದಿಲ್ಲ, ಕಟ್ಟಿಹಾಕುತ್ತೇವೆ ಎಂಬವರ ವಾದ ಇನ್ನೊಂದು. ಓಡುವುದಕ್ಕೆಂದೇ ಹುಟ್ಟಿದ ಪ್ರಾಣಿಯನ್ನು ಎರಡು ಮೊಳದ ಸರಪಳಿಯಲ್ಲಿ ನಿಲ್ಲಿಸಿದರೆ ಅದರ ಚೈತನ್ಯ ಬೊಗಳಾಗಿ, ಕೋಪವಾಗಿ, ನೆಲ ಕೆರೆಯುವ ಚಾಳಿಯಾಗಿ ಹೊರಬೀಳುತ್ತದೆ. ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ 1960ರ ಕೇಂದ್ರ ಕಾಯಿದೆಯು ಅತಿ ಗಿಡ್ಡವಾದ ಸರಪಳಿಯಲ್ಲಿ ಅತಿ ಹೆಚ್ಚು ಕಾಲ ಕಟ್ಟಿಹಾಕುವುದನ್ನೂ, ಯಾವಾಗಲೂ ಕಟ್ಟಿರುವ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನೂ ಅಪರಾಧವೆಂದೇ ಎಣಿಸಿದೆ. ತಳಿಯ ಆಯ್ಕೆಯಲ್ಲಿಯೂ ವಿವೇಕ ಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಕನ್ನಡಿಗರಿಗೆ ಹೆಮ್ಮೆ; 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. ಆದರೆ ಮೊಲದ ಹಿಂದೆ ಬಯಲಿನಲ್ಲಿ ಓಡುವುದಕ್ಕಾಗಿ ಬೆಳೆದ ಆ ತಳಿಯನ್ನು ಮೂರನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ ಇಟ್ಟು, ಅದು ಗಲಾಟೆ ಮಾಡುತ್ತದೆಂದು ದೂರುವುದು ಹೆಮ್ಮೆಯ ಲಕ್ಷಣವಲ್ಲ. ಬೀದಿಯಲ್ಲಿ ಹುಟ್ಟಿದ ನಾಡತಳಿಯ ಮರಿ ಈ ನೆಲದ ಬಿಸಿಲಿಗೂ ಮಳೆಗೂ ಒಗ್ಗಿದುದು. ಹಣ ಕೊಡದೆ ದೊರೆಯುತ್ತದೆಂಬ ಒಂದೇ ಕಾರಣಕ್ಕೆ ಅದನ್ನು ಕೀಳೆನ್ನುವುದು ಸಲ್ಲದು.

ಆಹಾರ ಮತ್ತು ಆರೋಗ್ಯದ ವಿಷಯವನ್ನು ಸಂಕ್ಷೇಪವಾಗಿಯಾದರೂ ಹೇಳದೆ ಈ ಚರ್ಚೆ ಪೂರ್ಣವಾಗದು. ಸಸ್ಯಾಹಾರದ ಮನೆಗಳಲ್ಲಿ ಹಾಲು ಅನ್ನ ಹಾಕಿದರೆ ಕರ್ತವ್ಯ ಮುಗಿಯಿತೆಂಬ ಭಾವನೆಯಿದೆ. ಬೆಳೆಯುವ ಮರಿಯ ಮಾಂಸಖಂಡಕ್ಕೂ ಮೂಳೆಗೂ ಅಷ್ಟು ಸಾಲದು. ತಾಯಿಯ ಹಾಲು ಬಿಟ್ಟ ಮರಿಗಳಲ್ಲಿ ಹಲವಕ್ಕೆ ಹಸುವಿನ ಹಾಲು ಹೊಟ್ಟೆ ಕೆಡಿಸುತ್ತದೆ. ಮನೆಯ ಆಚಾರಕ್ಕೆ ಒಪ್ಪುವಂತೆ ಪೋಷಕಾಂಶಗಳನ್ನು ಹೇಗೆ ಒದಗಿಸಬೇಕೆಂಬುದನ್ನು ಪಶುವೈದ್ಯರಿಂದ ತಿಳಿದುಕೊಳ್ಳಬೇಕು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಇವು ನಾಯಿಗೆ ವಿಷಪ್ರಾಯ. ಹಬ್ಬದ ದಿನ ಪ್ರೀತಿಯಿಂದ ಹಾಕಿದ ದ್ರಾಕ್ಷಿಯ ಪಾಯಸ ಅದರ ಮೂತ್ರಪಿಂಡಗಳನ್ನು ಕೆಡಿಸಬಹುದು. ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಆರಂಭಿಸಿ ನಾಲ್ಕು ತಿಂಗಳ ವಯಸ್ಸಿನವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ ಲಸಿಕೆ ಹಾಕಿಸಬೇಕು. ಡಿಸ್ಟೆಂಪರ್, ಪಾರ್ವೊ ಎಂಬ ರೋಗಗಳು ಲಸಿಕೆಯಿಲ್ಲದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತವೆ.

ರೇಬಿಸ್ ಎಂಬ ಹುಚ್ಚುನಾಯಿಯ ರೋಗದ ಮಾತು ಬೇರೆಯೇ. ಮನುಷ್ಯರಿಗೆ ತಗಲುವ ರೇಬಿಸ್ ಬಹುತೇಕ ನಾಯಿಯಿಂದಲೇ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ. ಪಾಶ್ಚರನು 1885ರಲ್ಲಿ ನಾಯಿ ಕಚ್ಚಿದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಲಸಿಕೆ ಕೊಟ್ಟಂದಿನಿಂದ ಇದನ್ನು ತಡೆಯುವ ದಾರಿ ಲೋಕಕ್ಕೆ ತಿಳಿದಿದೆ. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷವೂ ತಪ್ಪದೆ ಹಾಕಿಸಬೇಕು. ಮರಿ ಆಟದಲ್ಲಿ ಕಚ್ಚಿದ್ದು, ಪರಚಿದ್ದು ಎಂದು ಯಾರೂ ಅಸಡ್ಡೆ ಮಾಡಬಾರದು. ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರ ಬಳಿಗೆ ಹೋಗಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿಗಳನ್ನು ಮೆತ್ತಿ ಕಾಲ ಕಳೆಯಬಾರದು. ಏಟಿಗೆ ಹೆದರುವ ಮಗು ನಾಯಿ ಕಚ್ಚಿದ್ದನ್ನು ಮನೆಯಲ್ಲಿ ಮುಚ್ಚಿಡುತ್ತದೆ. ಭಯದಿಂದ ಕಲಿಸುವ ಪದ್ಧತಿ ಪ್ರಾಣಕ್ಕೇ ಎರವಾಗುವುದು ಹೀಗೆ.

ಆರನೆಯ ತಿಂಗಳಿನಿಂದ ಒಂದು ವರ್ಷದವರೆಗಿನ ಕಾಲ ಅತ್ಯಂತ ಅಪಾಯಕರ. ಮರಿಯ ಮುದ್ದು ಕಳೆದಿರುತ್ತದೆ, ದೊಡ್ಡ ನಾಯಿಯ ಗಾಂಭೀರ್ಯ ಬಂದಿರುವುದಿಲ್ಲ. ಕಲಿತ ಪಾಠವನ್ನು ಮರೆತಂತೆ ನಟಿಸುತ್ತದೆ, ಬಾಗಿಲು ತೆರೆದರೆ ಓಡುತ್ತದೆ. ಪ್ರೌಢಶಾಲೆಯಲ್ಲಿ ಪಾಠ ಹೇಳಿದ ಅಧ್ಯಾಪಕರಿಗೆ ಈ ವಯೋಧರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ಬೇಕಾದುದು ಹಳೆಯ ಪಾಠದ ಪುನರಾವೃತ್ತಿ, ಮುಂಜಾನೆ ಸಂಜೆ ದೀರ್ಘವಾದ ನಡಿಗೆ, ಪಶುವೈದ್ಯರ ಸಲಹೆಯಂತೆ ಸಂತಾನಹರಣ ಚಿಕಿತ್ಸೆ. ಎಷ್ಟೋ ಮನೆಗಳವರು ಈ ಹಂತದಲ್ಲಿಯೇ ಒಂದು ರಾತ್ರಿ ವಾಹನದಲ್ಲಿ ಕೂರಿಸಿಕೊಂಡು ಹೋಗಿ ಊರಾಚೆ ಇಳಿಸಿ ಬರುತ್ತಾರೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದೂ ಅದೇ 1960ರ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಹಾಗೆ ಇಳಿಸಲ್ಪಟ್ಟ ನಾಯಿ ಆ ವಾಹನದ ಹಿಂದೆ ಎಷ್ಟು ದೂರ ಓಡಿತೆಂಬುದನ್ನು ಒಳಗೆ ಕುಳಿತವರು ತಿರುಗಿ ನೋಡುವುದಿಲ್ಲ. ಇಂದು ಬೀದಿನಾಯಿಗಳ ಹಾವಳಿಯೆಂದು ಪತ್ರಿಕೆಗಳಲ್ಲಿ ಗೋಳಾಡುವ ಸಮಾಜ, ಆ ಬೀದಿಗೆ ತನ್ನ ಮನೆಯಿಂದಲೂ ನಾಯಿಗಳು ಹೋಗಿವೆಯೆಂಬುದನ್ನು ಮರೆಯಬಾರದು.

ಆದುದರಿಂದ ಹೇಳಬೇಕಾದ ಮಾತು ನೇರವಾದುದು. ನಾಯಿ ಹತ್ತರಿಂದ ಹದಿನೈದು ವರ್ಷ ಬಾಳುವ ಪ್ರಾಣಿ. ಮೊದಲ ಒಂದು ವರ್ಷ ದಿನವೂ ಅದಕ್ಕೆ ಹೊತ್ತು ಕೊಡಲಾರದ ಮನೆ, ಮನೆಮಂದಿಯೆಲ್ಲ ಒಂದೇ ಮಾತಿಗೆ ನಿಲ್ಲಲಾರದ ಮನೆ, ಮರಿಯನ್ನು ತರದಿರುವುದೇ ಧರ್ಮ. ಮಕ್ಕಳ ಹುಟ್ಟುಹಬ್ಬಕ್ಕೆ ಕೊಡುವ ಆಟಿಕೆಗಳ ಸಾಲಿನಲ್ಲಿ ಅದನ್ನು ಸೇರಿಸಕೂಡದು. ತರುವ ಮನೆಯವರಾದರೋ ಕಲಿಸುವ ಭಾರವನ್ನು ತಾವು ಹೊರಬೇಕೇ ಹೊರತು, ಕಲಿಯದ ತಪ್ಪನ್ನು ಮರಿಯ ಮೇಲೆ ಹೊರಿಸಬಾರದು. ನಾಯಿಯ ಬಾಲ ಡೊಂಕೆಂಬ ಗಾದೆಯನ್ನು ಹೇಳಿ ಕೈತೊಳೆದುಕೊಳ್ಳುವವರು ನೆನಪಿಡಬೇಕು: ಬಾಲದ ಡೊಂಕು ಹುಟ್ಟಿನಿಂದ ಬಂದದ್ದು, ನಡತೆಯ ಡೊಂಕು ಬಹಳಮಟ್ಟಿಗೆ ಸಾಕಿದವರ ಕೈಯದು.

ನಿಯಮವಿಟ್ಟು ಮರಿಯನ್ನು ಸಾಕಿದ ಮನೆಯಲ್ಲಿ ಮರಿಗಿಂತ ಹೆಚ್ಚು ಕಲಿತವರು ಮನೆಯವರೇ ಆಗಿರುತ್ತಾರೆ. ಮಗ ಹೊತ್ತಿಗೆ ಸರಿಯಾಗಿ ಏಳುವುದನ್ನು ಕಲಿಯುತ್ತಾನೆ. ಮಗಳು ಪುಸ್ತಕವನ್ನು ಕಪಾಟಿನಲ್ಲಿಡುತ್ತಾಳೆ. ತಂದೆ ಸಿಟ್ಟನ್ನು ಬಾಗಿಲಾಚೆ ಬಿಟ್ಟು ಒಳಗೆ ಬರುತ್ತಾನೆ. ಅಜ್ಜಿ ರೊಟ್ಟಿಯ ಚೂರನ್ನು ಊಟ ಮುಗಿಯುವವರೆಗೆ ಎತ್ತಿಟ್ಟು, ಆಮೇಲೆ ಕರಿಯನ ತಟ್ಟೆಯಲ್ಲಿಯೇ ಹಾಕುತ್ತಾಳೆ. ಕರಿಯ ಕುಳಿತು ಕಾಯುತ್ತದೆ.

ನಾಯಿಮರಿಯ ಅಳುವಿನಿಂದ ಮೊದಲಾದ ಮಹಾಭಾರತ ತನ್ನ ಕೊನೆಯ ಹೆಜ್ಜೆಗಳಲ್ಲಿ ಮತ್ತೆ ನಾಯಿಯನ್ನು ನೆನೆಯುತ್ತದೆ. ಮಹಾಪ್ರಸ್ಥಾನದಲ್ಲಿ ದ್ರೌಪದಿಯೂ ತಮ್ಮಂದಿರೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಜನೊಡನೆ ಉಳಿದದ್ದು ಒಂದು ನಾಯಿ. ಇಂದ್ರನ ರಥ ಬಂದು ನಿಂತರೂ, ತನ್ನನ್ನು ನಂಬಿ ಹಿಂಬಾಲಿಸಿದ ಅದನ್ನು ಬಿಟ್ಟು ಸ್ವರ್ಗಕ್ಕೆ ಏರಲು ಅವನು ಒಪ್ಪಲಿಲ್ಲ. ಆ ನಾಯಿ ಧರ್ಮನೇ ಆಗಿದ್ದನೆಂದು ಕಥೆ ಹೇಳುತ್ತದೆ. ಆದರೆ ರಥವನ್ನು ನಿರಾಕರಿಸಿದ ಗಳಿಗೆಯಲ್ಲಿ ಯುಧಿಷ್ಠಿರನಿಗೆ ಅದು ತಿಳಿದಿರಲಿಲ್ಲ. ಅವನ ಪಾಲಿಗೆ ಅದು ಬರಿಯ ನಾಯಿಯಾಗಿತ್ತು. ಮರಿಯನ್ನು ಮನೆಗೆ ತರುವವರು ಆ ಗಳಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಸರಮೆಯ ಪ್ರಶ್ನೆಗೆ ಅಂಥ ಮನೆಯಲ್ಲಿ ಉತ್ತರವಿರುತ್ತದೆ.